ಲೆಸ್ಲಿ ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954) ಮೈಸೂರು ಸಂಸ್ಥಾನದಲ್ಲಿ ಕಾಲು ಶತಮಾನ ಸೇವೆ ಸಲ್ಲಿಸಿದ ಕೆನಡಾ ದೇಶದ ಕೀಟಶಾಸ್ತ್ರಜ್ಞ, ಸಸ್ಯರೋಗ ವಿಜ್ಞಾನಿ ಹಾಗೂ ಕೃಷಿ ಆಡಳಿತಗಾರ. ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾಗಿ ಅವರು ಹೆಸರಾಗಿದ್ದಾರೆ. ಅಡಿಕೆಯ ಕೊಳೆರೋಗಕ್ಕೆ ಪರಿಹಾರ, ಜೋಳದ ಮಿಡತೆಯ ಅಧ್ಯಯನ, ಶ್ರೀಗಂಧದ ಸ್ಪೈಕ್ ರೋಗದ ಸಂಶೋಧನೆ, ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ ಮತ್ತು ಮಂಡ್ಯದ ಸಕ್ಕರೆ ಉದ್ಯಮ ಇವುಗಳೊಡನೆ ಅವರ ಹೆಸರು ಸೇರಿಕೊಂಡಿದೆ. ಯಾವ ಕೀಟ ಅಥವಾ ಶಿಲೀಂಧ್ರ ಯಾವ ಸಸ್ಯವನ್ನು, ಸಸ್ಯದ ಯಾವ ಭಾಗವನ್ನು, ಯಾವ ಕಾಲದಲ್ಲಿ ಆರಿಸಿಕೊಳ್ಳುತ್ತದೆ ಎಂಬುದನ್ನು ಮೊದಲು ತಿಳಿದು, ಅನಂತರ ಸಾಮಾನ್ಯ ರೈತನ ಕೈಗೆಟುಕುವ ಉಪಾಯವನ್ನು ಸೂಚಿಸುವುದು ಅವರ ಕಾರ್ಯಕ್ರಮದ ತಿರುಳಾಗಿತ್ತು.

ಜನನ ಮತ್ತು ಶಿಕ್ಷಣ

ಕೋಲ್ಮನ್ 1878ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಜನಿಸಿದರು. ಮೈಸೂರು ಸೀಮೆಯನ್ನು ಹಾಳುಗೆಡವಿದ 1876–78ರ ಮಹಾಕ್ಷಾಮ ಮುಗಿದ ವರ್ಷವೂ ಅದೇ. ಆ ಕ್ಷಾಮದ ಪಾಠದಿಂದಲೇ ವ್ಯವಸಾಯವನ್ನು ವೈಜ್ಞಾನಿಕವಾಗಿ ನೋಡಬೇಕೆಂಬ ವಿಚಾರ ಭಾರತದ ಆಡಳಿತಗಳಲ್ಲಿ ಬೇರೂರಿತು. ಮುಂದೆ ಕೋಲ್ಮನ್ ದುಡಿದ ಇಲಾಖೆಗೂ ಅದೇ ಹಿನ್ನೆಲೆ.

ಅವರು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ 1904ರಲ್ಲಿ ಪದವಿ ಪಡೆದರು. ಬಳಿಕ ಜರ್ಮನಿಗೆ ತೆರಳಿ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಿದರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಕ್ರಿಯೆ ಅವರ ಅಧ್ಯಯನದ ವಿಷಯವಾಗಿತ್ತು. ಈ ಸಂಶೋಧನೆಯ ಫಲಿತಾಂಶ 1908ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಹೀಗೆ ಮಣ್ಣು, ಸೂಕ್ಷ್ಮಜೀವಿ ಮತ್ತು ಸಸ್ಯ ಈ ಮೂರನ್ನೂ ಒಟ್ಟಾಗಿ ನೋಡುವ ತರಬೇತಿಯೊಂದಿಗೆ ಅವರು ಭಾರತಕ್ಕೆ ಬಂದರು.

ಮೈಸೂರು ಸಂಸ್ಥಾನದಲ್ಲಿ

ಮೈಸೂರಿನಲ್ಲಿ ಕೃಷಿ ಸಂಶೋಧನೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಆರಂಭವಾಗಿತ್ತು. ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪ್ರಯೋಗ ಕ್ಷೇತ್ರಕ್ಕಾಗಿ 30 ಎಕರೆ ಭೂಮಿಯನ್ನು ನೀಡಿದರು. ಡಾ. ಲೇಮನ್ ಎಂಬ ರಸಾಯನ ವಿಜ್ಞಾನಿ ಅಲ್ಲಿನ ಮೊದಲ ಕೆಲಸಗಳನ್ನು ನಿರ್ವಹಿಸಿದರು. ಗೊಬ್ಬರ ಮತ್ತು ಮಣ್ಣಿನ ಪರೀಕ್ಷೆ ಅವರ ಮುಖ್ಯ ಕ್ಷೇತ್ರ. ಕೀಟ ಮತ್ತು ರೋಗಗಳನ್ನು ನೋಡಿಕೊಳ್ಳಲು ಪ್ರತ್ಯೇಕ ತಜ್ಞರ ಅಗತ್ಯ ಕಂಡುಬಂದಾಗ, 1908ರಲ್ಲಿ ಕೋಲ್ಮನ್ ಶಿಲೀಂಧ್ರ ಹಾಗೂ ಕೀಟತಜ್ಞರಾಗಿ ನೇಮಕಗೊಂಡರು. ಆಗ ಅವರಿಗೆ ಮೂವತ್ತು ವರ್ಷ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಆ ಕಾಲದಲ್ಲಿ ಸಂಸ್ಥಾನ ಕೈಗಾರಿಕೆ, ನೀರಾವರಿ ಮತ್ತು ಶಿಕ್ಷಣದಲ್ಲಿ ವೇಗವಾಗಿ ಮುನ್ನಡೆಯುತ್ತಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದ ಮೇಲೆ ಕೃಷಿ ಇಲಾಖೆಯೂ ಸ್ವತಂತ್ರ ರೂಪ ಪಡೆಯಿತು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಪ್ರಾರಂಭವಾಯಿತು. ಕೋಲ್ಮನ್ ಇಲಾಖೆಯ ನಿರ್ದೇಶಕರಾದರು. ಆಡಳಿತದ ಹೊಣೆ ಹೆಗಲೇರಿದ ಮೇಲೂ ಅವರು ಪ್ರಯೋಗಶಾಲೆ ಮತ್ತು ಹೊಲಗಳನ್ನು ಬಿಡಲಿಲ್ಲ. ಅವರ ಹೆಸರಿನಲ್ಲಿ ಹೊರಬಂದ ಇಲಾಖೆಯ ಪುಸ್ತಿಕೆಗಳು ಇದಕ್ಕೆ ಸಾಕ್ಷಿ.

ಜೋಳದ ಮಿಡತೆ

ಬಯಲುಸೀಮೆಯ ಜೋಳದ ಹೊಲಗಳನ್ನು ಪೀಡಿಸುತ್ತಿದ್ದ ಮಿಡತೆಯೊಂದು ಕೋಲ್ಮನ್‌ರ ಮೊದಲ ಅಧ್ಯಯನಗಳ ವಸ್ತು. ಅವರು ಸಂಗ್ರಹಿಸಿದ ಮಾದರಿಗಳು ವಿಜ್ಞಾನಕ್ಕೆ ಹೊಸ ಕುಲದವೆಂದು ಕಂಡುಬಂದು, ಸ್ಪೇನ್ ದೇಶದ ಕೀಟತಜ್ಞ ಇಗ್ನಾಸಿಯೊ ಬೊಲಿವಾರ್ 1910ರಲ್ಲಿ ಅದಕ್ಕೆ ಕೋಲ್ಮನ್‌ರ ಹೆಸರನ್ನೇ ಸೇರಿಸಿ ಕೋಲ್ಮೇನಿಯ ಸ್ಫೆನಾರಿಯಾಯ್ಡಿಸ್ ಎಂದು ನಾಮಕರಣ ಮಾಡಿದರು. ಜೋಳದ ಮಿಡತೆ ಅಥವಾ ದಖನ್ ಮಿಡತೆ ಎಂದು ಇದಕ್ಕೆ ರೂಢಿಯ ಹೆಸರು. ಇದರ ವಿವರವಾದ ಜೀವನಚರಿತ್ರೆಯನ್ನು ಕೋಲ್ಮನ್ 1911ರಲ್ಲಿ ಪ್ರಕಟಿಸಿದರು.

ಈ ಮಿಡತೆಗೆ ಹಾರಲು ರೆಕ್ಕೆಗಳಿಲ್ಲ. ಆದ್ದರಿಂದ ಅದು ಮರಳುಗಾಡಿನ ಮಿಡತೆಯಂತೆ ದೂರದೂರಕ್ಕೆ ವಲಸೆ ಹೋಗಲಾರದು. ಮೊಟ್ಟೆಯನ್ನು ನೆಲದೊಳಗೆ ಇಡುತ್ತದೆ. ಮಳೆ ಬಿದ್ದ ಮೇಲೆ ಮರಿಗಳು ಹೊರಬರುತ್ತವೆ. ಇಷ್ಟು ತಿಳಿದ ಮೇಲೆ ಪರಿಹಾರದ ದಾರಿ ತಾನಾಗಿ ತೆರೆಯುತ್ತದೆ. ನೆಲವನ್ನು ಉತ್ತು ಮೊಟ್ಟೆಗಳನ್ನು ಹೊರಹಾಕಬಹುದು. ಮರಿಗಳು ಚಿಕ್ಕವಿರುವಾಗಲೇ ಬಲೆಯಿಂದ ಹಿಡಿದು ನಾಶಪಡಿಸಬಹುದು. ಕೀಟದ ದೌರ್ಬಲ್ಯವನ್ನು ಅದರ ಬದುಕಿನ ಕ್ರಮದಲ್ಲಿಯೇ ಹುಡುಕುವ ಈ ವಿಧಾನ ಮುಂದಿನ ಕೆಲಸಗಳಲ್ಲಿಯೂ ಕಂಡುಬರುತ್ತದೆ. ಭತ್ತದ ಮಿಡತೆಯ ಮೇಲೂ ಅವರು ತಮ್ಮ ಸಹೋದ್ಯೋಗಿ ಕೆ. ಕುಂಞಿಕಣ್ಣನ್ ಅವರೊಡನೆ ಅಧ್ಯಯನ ನಡೆಸಿದರು.

ಅಡಿಕೆಯ ಕೊಳೆರೋಗ

ಕೋಲ್ಮನ್‌ರಿಗೆ ಮಲೆನಾಡಿನಲ್ಲಿ ಶಾಶ್ವತ ಹೆಸರು ತಂದುಕೊಟ್ಟ ಕೆಲಸ ಅಡಿಕೆಯ ಕೊಳೆರೋಗದ ಹತೋಟಿ. ಮುಂಗಾರಿನಲ್ಲಿ ಎಳೆಯ ಕಾಯಿಗಳ ಮೇಲೆ ನೀರು ಕುಡಿದಂತಹ ಕಲೆಗಳು ಮೂಡಿ, ಕಾಯಿಗಳು ಕೊಳೆತು ರಾಶಿರಾಶಿಯಾಗಿ ಉದುರುತ್ತಿದ್ದವು. ಗೊನೆಯೊಂದೇ ಅಲ್ಲದೆ ಕೆಲವೊಮ್ಮೆ ಮರದ ಸುಳಿಯೇ ಕೊಳೆಯುತ್ತಿತ್ತು. ಅಡಿಕೆ ಮರ ಫಲಕ್ಕೆ ಬರಲು ಹಲವು ವರ್ಷ ಬೇಕು. ಹಾಗಾಗಿ ಒಂದು ಮಳೆಗಾಲದ ನಷ್ಟ ತೋಟಿಗರ ಕುಟುಂಬವನ್ನು ಸಾಲಕ್ಕೆ ನೂಕಬಲ್ಲದಾಗಿತ್ತು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದು ತೋಟಿಗರು ಕಂಡುಕೊಂಡಿದ್ದ ಹಳೆಯ ಉಪಾಯ. ಮಳೆನೀರು ಕಾಯಿಯ ಮೈಗೆ ತಾಗದಿದ್ದರೆ ರೋಗ ಬರುವುದಿಲ್ಲ ಎಂಬ ಅನುಭವದ ಅರಿವು ಅದರ ಹಿಂದೆ ಇತ್ತು.

ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಪುಸ್ತಿಕೆ ಪ್ರಕಟಿಸಿ, ಇದಕ್ಕೆ ಕಾರಣ ಫೈಟಾಫ್ತೊರ ಎಂಬ ಕುಲಕ್ಕೆ ಸೇರಿದ ಶಿಲೀಂಧ್ರವೆಂದು ವಿವರಿಸಿದರು. ಅವರು ಉಪಜಾತಿಯೆಂದು ಗುರುತಿಸಿದ ಜೀವಿಗೆ 1913ರಲ್ಲಿ ಪೆಥಿಬ್ರಿಜ್ ಎಂಬ ವಿಜ್ಞಾನಿ ಫೈಟಾಫ್ತೊರ ಅರೆಕೆ ಎಂಬ ಪ್ರತ್ಯೇಕ ಜಾತಿಯ ಸ್ಥಾನ ನೀಡಿದರು. ಈ ಜೀವಿಯ ಬೀಜಾಣುಗಳು ನೀರಿನ ತೆಳುಪದರದಲ್ಲಿ ಈಜಬಲ್ಲವು. ಒದ್ದೆಯಾದ ಕಾಯಿಯ ಮೇಲ್ಮೈಯೇ ಅವುಗಳ ಪ್ರವೇಶದ್ವಾರ. ಹಳೆಯ ಕೊಟ್ಟೆಯ ಉಪಾಯ ಫಲಿಸುತ್ತಿದ್ದುದಕ್ಕೆ ಇದೇ ಕಾರಣ.

ಪರಿಹಾರವಾಗಿ ಅವರು ಆರಿಸಿಕೊಂಡದ್ದು ಬೋರ್ಡೊ ದ್ರಾವಣ. ಮೈಲುತುತ್ತ ಮತ್ತು ಸುಣ್ಣದಿಂದ ತಯಾರಾಗುವ ಈ ದ್ರಾವಣವನ್ನು 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಯ ಬೂಷ್ಟುರೋಗಕ್ಕೆ ಸೂಚಿಸಿದ್ದರು. ಆದರೆ ಬೋರ್ಡೊ ಪ್ರದೇಶದ ಹವಾಮಾನ ಬೇರೆ, ಸಹ್ಯಾದ್ರಿಯ ಮಳೆ ಬೇರೆ. ಅಡಿಕೆ ಕಾಯಿಯ ಮೈ ನುಣುಪು. ಅದರ ಮೇಲೆ ಮೇಣದ ಲೇಪವಿದೆ. ಸಿಂಪಡಿಸಿದ ಮದ್ದು ಹನಿಯಾಗಿ ಜಾರುತ್ತದೆ. ಉಳಿದದ್ದನ್ನು ಮಳೆ ತೊಳೆಯುತ್ತದೆ. ಆದ್ದರಿಂದ ದ್ರಾವಣಕ್ಕೆ ರಾಳ ಮತ್ತು ಸೋಡದಿಂದ ಮಾಡಿದ ಅಂಟನ್ನು ಬೆರೆಸಿ, ಅದು ಕಾಯಿಗೆ ಹಿಡಿದು ನಿಲ್ಲುವಂತೆ ಮಾಡಲಾಯಿತು. ಮಳೆ ಹಿಡಿಯುವ ಮುನ್ನವೇ ಮೊದಲ ಸಿಂಪಡಣೆ ಆಗಬೇಕು ಎಂಬುದು ಇದರ ಎರಡನೆಯ ಸೂತ್ರ.

ಶೇಕಡ 1ರ ಬೋರ್ಡೊ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ ಮತ್ತು 1 ಕಿಲೊ ಸುಣ್ಣ. ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾರೆ. ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದೆಂದು ತಿಳಿಯುತ್ತದೆ. ಪ್ರಯೋಗಶಾಲೆಯ ನೆರವಿಲ್ಲದೆ ತೋಟದಲ್ಲಿಯೇ ಮಾಡಿಕೊಳ್ಳಬಹುದಾದ ಈ ಮದ್ದು ಮಲೆನಾಡು, ಕರಾವಳಿ ಮತ್ತು ಕಾಸರಗೋಡಿನ ತೋಟಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಮೇ ಕೊನೆಯಲ್ಲಿ ಅಥವಾ ಜೂನ್ ಮೊದಲಲ್ಲಿ ಒಮ್ಮೆ, ಸುಮಾರು 40–45 ದಿನಗಳ ಬಳಿಕ ಮತ್ತೊಮ್ಮೆ ಗೊನೆಗಳಿಗೆ ಮದ್ದು ಹೊಡೆಯುವುದು ಅಲ್ಲಿನ ವಾಡಿಕೆ.

ಶ್ರೀಗಂಧ ಮತ್ತು ಕಾಫಿ

ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಶ್ರೀಗಂಧ ದೊಡ್ಡ ಆಧಾರವಾಗಿತ್ತು. ಎಲೆಗಳು ಕಿರಿದಾಗಿ ಮುಳ್ಳಿನಂತೆ ನಿಂತು ಮರ ಸಾಯುವ ಸ್ಪೈಕ್ ರೋಗ ಕಾಡುಗಳಲ್ಲಿ ಹರಡುತ್ತಿದ್ದಾಗ, ಇದು ಮಣ್ಣಿನ ದೋಷವೋ ಅಂಟುರೋಗವೋ ಎಂಬ ಚರ್ಚೆ ನಡೆದಿತ್ತು. ರೋಗಗ್ರಸ್ತ ಮರದ ಭಾಗವನ್ನು ಆರೋಗ್ಯವಂತ ಗಿಡಕ್ಕೆ ಕಸಿ ಮಾಡಿದರೆ ರೋಗ ದಾಟುತ್ತದೆ ಎಂದು ಕೋಲ್ಮನ್ 1917ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ತೋರಿಸಿದರು. ಅದಕ್ಕೆ ಕಾರಣವಾದ ಫೈಟೊಪ್ಲಾಸ್ಮ ಎಂಬ ಅತಿಸೂಕ್ಷ್ಮ ಜೀವಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಕಣ್ಣಿಗೆ ಬಿದ್ದದ್ದು ಅರ್ಧ ಶತಮಾನದ ಮೇಲೆ.

ಕಾಫಿ ಬೆಳೆಗಾರರ ಕಷ್ಟ ಎಲೆಯ ತುಕ್ಕುರೋಗದಿಂದ ಬಂದದ್ದು. ಈ ಶಿಲೀಂಧ್ರವು ಎಲೆಯ ಕೆಳಮೈಯಲ್ಲಿರುವ ಪತ್ರರಂಧ್ರಗಳ ಮೂಲಕ ಒಳಹೊಗುತ್ತದೆ; ಎಲೆಯ ಮೇಲುಭಾಗಕ್ಕೆ ಮಾತ್ರ ಮದ್ದು ಹೊಡೆದರೆ ಪ್ರಯೋಜನವಿಲ್ಲ. ರೋಗದ ಅಧ್ಯಯನಕ್ಕಾಗಿ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಘಟಕವೊಂದು ಸ್ಥಾಪನೆಯಾಯಿತು. 1925ರಲ್ಲಿ ಕೋಲ್ಮನ್‌ರ ಪ್ರಯತ್ನದಿಂದ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಮುಂದೆ ಕಾಫಿ ಮಂಡಳಿ ಇದನ್ನು ವಹಿಸಿಕೊಂಡಿತು. ಈಗ ಅದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ತುಕ್ಕುರೋಗವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವ ಎಸ್. 795 ಎಂಬ ಪ್ರಸಿದ್ಧ ಅರೇಬಿಕ ತಳಿ ಹೊರಬಂದದ್ದು ಇಲ್ಲಿಂದಲೇ.

ಕಾಫಿಯ ಬಿಳಿ ಕಾಂಡಕೊರಕ ದುಂಬಿಯಲ್ಲಿ ಕೀಟದ ಆಯ್ಕೆ ಎಷ್ಟು ನಿಖರವೆಂಬುದು ಕಾಣುತ್ತದೆ. ಅದು ಅರೇಬಿಕ ಗಿಡವನ್ನು ಪೀಡಿಸುತ್ತದೆ. ರೊಬಸ್ಟವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅರೇಬಿಕದಲ್ಲಿಯೂ ಬಿಸಿಲಿಗೆ ತೆರೆದುಕೊಂಡ ಕಾಂಡದ ತೊಗಟೆಯ ಬಿರುಕುಗಳೇ ಅದಕ್ಕೆ ಇಷ್ಟ. ಆದ್ದರಿಂದಲೇ ನೆರಳು ಕಾಪಾಡುವುದು ಮತ್ತು ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವುದು ತೋಟಗಳಲ್ಲಿ ಮುಖ್ಯ ಕೆಲಸವಾಗಿದೆ.

ಪಾಪಾಸುಕಳ್ಳಿಯ ನಿಯಂತ್ರಣ

ಕೀಟದ ಆಯ್ಕೆಯನ್ನು ರೈತನ ಹಿತಕ್ಕೆ ಬಳಸಿಕೊಳ್ಳಬಹುದು ಎಂಬುದಕ್ಕೆ ಪಾಪಾಸುಕಳ್ಳಿಯ ಕಥೆ ಸಾಕ್ಷಿ. ಅಮೆರಿಕ ಖಂಡದಿಂದ ಬಂದ ಈ ಕಳ್ಳಿ ದಕ್ಷಿಣ ಭಾರತದ ಗೋಮಾಳ, ಹೊಲದ ಬದು ಹಾಗೂ ಊರಂಚುಗಳನ್ನು ಆಕ್ರಮಿಸಿತ್ತು. ಕಡಿದಷ್ಟೂ ಚಿಗುರುವ ಅದನ್ನು ಕೂಲಿಯಿಂದ ತೆಗೆಸುವುದು ಸಾಧ್ಯವಿರಲಿಲ್ಲ. 1926ರಲ್ಲಿ ಶ್ರೀಲಂಕಾದಿಂದ ಕಿರಮಂಜಿ ಜಾತಿಯ ಕೀಟವೊಂದನ್ನು ದಕ್ಷಿಣ ಭಾರತಕ್ಕೆ ತರಲಾಯಿತು. ಅದು ಕಳ್ಳಿಯ ರಸವನ್ನಲ್ಲದೆ ಬೇರೆ ಬೆಳೆಯನ್ನು ಮುಟ್ಟುವುದಿಲ್ಲ. ಕೆಲವೇ ವರ್ಷಗಳಲ್ಲಿ ಕಳ್ಳಿಯ ಪೊದೆಗಳು ಒಣಗಿ ನೆಲಕ್ಕುರುಳಿದವು. ಮೈಸೂರಿನಲ್ಲಿ ಈ ಕಾರ್ಯದ ಬಗ್ಗೆ ಕುಂಞಿಕಣ್ಣನ್ ಬರೆದಿದ್ದಾರೆ. ಕೇರಳ ಮೂಲದ ಈ ವಿಜ್ಞಾನಿ (1884–1931) ಕೋಲ್ಮನ್‌ರ ಕೀಟವಿಭಾಗದ ಬೆನ್ನೆಲುಬಾಗಿದ್ದರು. ಅದೇ ಕಾಲದಲ್ಲಿ ಆಸ್ಟ್ರೇಲಿಯದಲ್ಲಿ ದಕ್ಷಿಣ ಅಮೆರಿಕದ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗದ ಮರಿಹುಳುಗಳು ವಿಶಾಲ ಪ್ರದೇಶದ ಕಳ್ಳಿಯನ್ನು ತಿಂದು ಮುಗಿಸಿದವು.

ಮಂಡ್ಯ ಮತ್ತು ಪಾಂಡವಪುರ ಸೀಮೆ

ಶ್ರೀರಂಗಪಟ್ಟಣ ಮತ್ತು ಪಾಂಡವಪುರ ಸೀಮೆಯ ನದೀತೀರದ ಹಳ್ಳಿಗಳಿಗೆ ಹಳೆಯ ನಾಲೆಗಳ ನೀರು ಇತ್ತು. ಅಲ್ಲಿ ಭತ್ತ ಮತ್ತು ಕಬ್ಬು ಹೊಸದಲ್ಲ. ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ನಡೆದಿತ್ತು. ಆದರೆ ನದಿಯಿಂದ ದೂರದ ಎತ್ತರದ ಭೂಮಿಗಳು ಮಳೆಯನ್ನೇ ನಂಬಿದ ರಾಗಿ, ಜೋಳ, ಹುಚ್ಚೆಳ್ಳಿನ ಹೊಲಗಳು. ಆಗ ಹಿರೋಡೆ ಅಥವಾ ಫ್ರೆಂಚ್ ರಾಕ್ಸ್ ಎಂದು ಕರೆಯಲಾಗುತ್ತಿದ್ದ ಊರೇ ಇಂದಿನ ಪಾಂಡವಪುರ.

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕಾಮಗಾರಿ ಮತ್ತು ಅದರಿಂದ ಹೊರಟ ಇರ್ವಿನ್ ನಾಲೆ ಈ ಚಿತ್ರವನ್ನು ಬದಲಿಸಿದವು. ಈಗ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾದ ಅದು ಹುಲಿಕೆರೆಯ ಸುರಂಗವನ್ನು ಹಾಯ್ದು ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಭೂಮಿಗೆ ನೀರುಣಿಸುತ್ತದೆ. ಒಣಭೂಮಿಗೆ ನೀರು ಬಂದಾಗ ಯಾವ ಬೆಳೆ, ಯಾವ ತಳಿ, ಎಷ್ಟು ನೀರು ಎಂಬ ಪ್ರಶ್ನೆಗಳು ಎದ್ದವು. ಇವುಗಳಿಗೆ ಉತ್ತರ ಹುಡುಕಲು 1931ರಲ್ಲಿ ಮಂಡ್ಯದಲ್ಲಿ ಇರ್ವಿನ್ ನಾಲೆಯ ಪ್ರಯೋಗ ಕ್ಷೇತ್ರ ಸ್ಥಾಪನೆಯಾಯಿತು. ಜನರ ಬಾಯಲ್ಲಿ ವಿ.ಸಿ. ಫಾರಂ ಎಂದೇ ಹೆಸರಾದ ಈ ಕ್ಷೇತ್ರ ಭತ್ತ, ರಾಗಿ ಮತ್ತು ಕಬ್ಬಿನ ಸಂಶೋಧನೆಗೆ ಪ್ರಸಿದ್ಧವಾಗಿದೆ.

ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ರೂಪುಗೊಂಡಿತು. ನಾಲೆಯ ನೀರು, ರೈತನ ಕಬ್ಬು ಮತ್ತು ಕಾರ್ಖಾನೆಯನ್ನು ಒಂದು ಯೋಜನೆಯೊಳಗೆ ತಂದವರಲ್ಲಿ ಕೋಲ್ಮನ್ ಪ್ರಮುಖರು. ಇದರಿಂದ ಸೀಮೆಯ ಆರ್ಥಿಕ ಸ್ಥಿತಿಯೇ ಬದಲಾಯಿತು. ಮುಂದೆ ಪಾಂಡವಪುರದಲ್ಲಿಯೂ ಸಹಕಾರಿ ಸಕ್ಕರೆ ಕಾರ್ಖಾನೆ ಬಂದಿತು. ಆಲೆಮನೆಗಳ ಬೆಲ್ಲ ಮಂಡ್ಯದ ಹೆಸರನ್ನು ಹೊರನಾಡಿಗೂ ಒಯ್ದಿತು.

ಹೊಸ ಬೆಳೆಯೊಂದಿಗೆ ಅದರ ಕೀಟಗಳೂ ಬಂದವು. ಸಾವಿರಾರು ಎಕರೆಯಲ್ಲಿ ಒಂದೇ ಬೆಳೆ ನಿಂತಾಗ ಅದನ್ನು ಅರಸುವ ಪತಂಗಕ್ಕೆ ಹುಡುಕಾಟದ ಶ್ರಮವೇ ಇಲ್ಲ. ಕಬ್ಬಿನ ಎಳೆಸುಳಿ ಕೊರಕ ಪತಂಗ ಎಲೆಯ ಕೆಳಮೈಯಲ್ಲಿ ಸಾಲುಸಾಲಾಗಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡದೊಳಕ್ಕೆ ಕೊರೆದು ಹೋದ ಮೇಲೆ ನಡುಸುಳಿ ಒಣಗುತ್ತದೆ; ಎಳೆದರೆ ಸುಲಭವಾಗಿ ಕಿತ್ತುಬರುತ್ತದೆ. ಹುಳು ಒಳಹೊಕ್ಕ ಮೇಲೆ ಯಾವ ಮದ್ದೂ ಅದನ್ನು ಸುಲಭವಾಗಿ ತಲಪದು. ಎಲೆಯ ಮೇಲೆ ಮೊಟ್ಟೆಯಿರುವ ಕೆಲವು ದಿನಗಳೇ ರೈತನಿಗೆ ದೊರಕುವ ಅವಕಾಶ. ಮೊಟ್ಟೆಗಳನ್ನು ನಾಶಪಡಿಸುವ ಟ್ರೈಕೋಗ್ರಾಮ ಎಂಬ ಸಣ್ಣ ಕಣಜದ ಕಾರ್ಡುಗಳನ್ನು ಗದ್ದೆಯಲ್ಲಿ ಕಟ್ಟುವುದು, ಎಳೆಗಬ್ಬಿಗೆ ಮಣ್ಣು ಏರಿಸುವುದು, ಸಾಲುಗಳ ನಡುವೆ ತರಗು ಹೊದಿಸುವುದು ಇವೆಲ್ಲ ಈ ತಿಳಿವಳಿಕೆಯಿಂದ ಬಂದ ಕ್ರಮಗಳು.

ಎಲೆಯ ಮೇಲ್ಮೈ ಮತ್ತು ಪತಂಗಗಳ ಆಯ್ಕೆ: ನಂತರದ ಸಂಶೋಧನೆ

ಕೀಟವು ಒಂದು ಗಿಡವನ್ನು ಬಿಟ್ಟು ಇನ್ನೊಂದನ್ನು ಏಕೆ ಆರಿಸುತ್ತದೆ ಎಂಬ ಪ್ರಶ್ನೆ ಕೋಲ್ಮನ್‌ರ ಕಾಲದ ಎಲ್ಲ ಕೆಲಸಗಳ ಹಿನ್ನೆಲೆಯಲ್ಲಿತ್ತು. ಅದರ ರಾಸಾಯನಿಕ ಉತ್ತರ ದೊರೆತದ್ದು ಬೇರೆಯವರ ಸಂಶೋಧನೆಯಿಂದ. ಕೊಳೆರೋಗದ ಪುಸ್ತಿಕೆ ಹೊರಬಂದ 1910ರಲ್ಲಿಯೇ ಆಮ್‌ಸ್ಟರ್‌ಡ್ಯಾಮಿನ ಸಸ್ಯವಿಜ್ಞಾನಿ ವರ್ಷಾಫೆಲ್ಟ್, ಎಲೆಕೋಸನ್ನು ತಿನ್ನುವ ಚಿಟ್ಟೆಯ ಮರಿಹುಳುಗಳು ಸಾಸಿವೆ ಕುಟುಂಬದ ಖಾರದ ವಸ್ತುಗಳಿಗೆ ಒಲಿಯುತ್ತವೆ ಎಂದು ತೋರಿಸಿದರು. ಆ ವಸ್ತುವನ್ನು ಲೇಪಿಸಿದರೆ ಸಾಮಾನ್ಯವಾಗಿ ಮುಟ್ಟದ ಆಹಾರವನ್ನೂ ಅವು ತಿಂದವು.

ಆಯ್ಕೆಯ ಕ್ರಮವನ್ನು ಇಂದು ಹೀಗೆ ವಿವರಿಸಲಾಗುತ್ತದೆ. ಹೆಣ್ಣುಪತಂಗ ದೂರದಿಂದ ಗಿಡದ ವಾಸನೆಯನ್ನು ಕುಡಿಮೀಸೆಯಿಂದ ಗ್ರಹಿಸುತ್ತದೆ. ಎಲೆಯ ಮೇಲೆ ಇಳಿದ ಬಳಿಕ ಕಾಲುಗಳಲ್ಲಿಯೂ ಮೊಟ್ಟೆಯಿಡುವ ಅಂಗದ ತುದಿಯಲ್ಲಿಯೂ ಇರುವ ಸೂಕ್ಷ್ಮ ರೋಮಗಳಿಂದ ಎಲೆಯ ಮೈಯನ್ನು ರುಚಿ ನೋಡುತ್ತದೆ. ಎಲೆಯ ಮೇಲಿನ ಮೇಣ, ಅದರಲ್ಲಿ ಬೆರೆತ ರಾಸಾಯನಿಕಗಳು, ರೋಮಗಳು ಮತ್ತು ಅವು ಸ್ರವಿಸುವ ದ್ರವ ಇವೆಲ್ಲ ಆಗ ಲೆಕ್ಕಕ್ಕೆ ಬರುತ್ತವೆ. ಮೊಟ್ಟೆಯೊಡೆದ ಮರಿಹುಳು ಬಹುದೂರ ಹೋಗಲಾರದು. ಆದ್ದರಿಂದ ತಾಯಿಯ ಆಯ್ಕೆ ತಪ್ಪಿದರೆ ಸಂತತಿಯೇ ಉಳಿಯದು.

ಇದಕ್ಕೆ ಕರ್ನಾಟಕದ ಬೆಳೆಗಳಲ್ಲಿಯೇ ಉದಾಹರಣೆಗಳಿವೆ.

ಎಲೆಕೋಸು: ವಜ್ರಬೆನ್ನಿನ ಪತಂಗ ಸಾಸಿವೆ ಕುಟುಂಬದ ಗ್ಲೂಕೊಸಿನೊಲೇಟ್ ಎಂಬ ವಸ್ತುಗಳನ್ನು ಗುರುತಿಸಿ ಮೊಟ್ಟೆಯಿಡುತ್ತದೆ. ಹಲವು ಕೀಟಗಳನ್ನು ದೂರವಿಡುವ ಈ ಖಾರವೇ ಇದಕ್ಕೆ ವಿಳಾಸವಾಗಿದೆ. ಎಲೆಯ ಮೇಣ ಕಡಿಮೆಯಿದ್ದು ಹೊಳಪುಳ್ಳ ತಳಿಗಳಲ್ಲಿ ಆಗತಾನೆ ಹುಟ್ಟಿದ ಮರಿಗಳು ನೆಲೆಯೂರದೆ ಅಲೆದಾಡಿ ಹೆಚ್ಚಾಗಿ ಸಾಯುತ್ತವೆ.

ಕಡಲೆ: ಗಿಡದ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ. ಬೆಳಗಿನ ಇಬ್ಬನಿಯಲ್ಲಿ ಗಿಡಗಳ ಮೇಲೆ ಬಟ್ಟೆ ಹಾಸಿ ಸಂಗ್ರಹಿಸುವ ಕಡಲೆಹುಳಿ ಇದೇ. ಆಕ್ಸಾಲಿಕ್ ಆಮ್ಲ ಕಾಯಿಕೊರಕದ ಮರಿಹುಳುಗಳ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಆದರೂ ಕಾಯಿಕೊರಕವೇ ಕಡಲೆಯ ಮುಖ್ಯ ಶತ್ರು. ಗಿಡದ ರಕ್ಷಣೆ ಹುಳುವನ್ನು ನಿಧಾನಗೊಳಿಸುತ್ತದೆ; ಪೂರ್ತಿಯಾಗಿ ತಡೆಯುವುದಿಲ್ಲ.

ಹತ್ತಿ: ಕಾಯಿಕೊರಕ ಪತಂಗ ರೋಮಭರಿತ ಎಲೆಗಳ ಮೇಲೆ ಹೆಚ್ಚು ಮೊಟ್ಟೆಯಿಡುತ್ತದೆ; ನುಣುಪೆಲೆಯ ತಳಿಗಳಲ್ಲಿ ಮೊಟ್ಟೆ ಕಡಿಮೆ.

ಜೋಳ: ಕಾಂಡಕೊರಕದ ಎಳೆಮರಿಗಳು ಎಲೆಯ ಮೇಲಿಂದ ಸುಳಿಗೆ ಏರಬೇಕು. ಕೆಲವು ತಳಿಗಳ ಮೇಲ್ಮೈ ಮೇಣ ಈ ಏರುವಿಕೆಗೆ ಅಡ್ಡಿಯಾಗುತ್ತದೆ ಎಂದು 1980ರ ದಶಕದ ಅಧ್ಯಯನಗಳು ತೋರಿಸಿವೆ.

ಹಿಪ್ಪುನೇರಳೆ: ರೇಷ್ಮೆಯೂ ಒಂದು ಪತಂಗವೇ. ಅದರ ಹುಳುವನ್ನು ಎಲೆಯತ್ತ ಸೆಳೆಯುವ, ಕಚ್ಚುವಂತೆ ಮಾಡುವ ಮತ್ತು ನುಂಗುವಂತೆ ಮಾಡುವ ವಸ್ತುಗಳನ್ನು ಜಪಾನಿನ ಹಮಮುರ ಮತ್ತು ಸಂಗಡಿಗರು ಒಂದೊಂದಾಗಿ ಬೇರ್ಪಡಿಸಿ ತೋರಿಸಿದರು.

ಈ ಜ್ಞಾನ ಹೊಲಕ್ಕೂ ಬಂದಿದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಎಲೆಕೋಸಿನ ಪ್ರತಿ 25 ಸಾಲಿಗೆ ಜೋಡಿ ಸಾಲು ಸಾಸಿವೆಯನ್ನೂ, ಟೊಮೆಟೊದ ಪ್ರತಿ 16 ಸಾಲಿಗೆ ಒಂದು ಸಾಲು ಚೆಂಡುಹೂವನ್ನೂ ಆಕರ್ಷಕ ಬೆಳೆಯಾಗಿ ಬೆಳೆಯಲು ಶಿಫಾರಸು ಮಾಡಿತು. ಪತಂಗಗಳು ತಮಗೆ ಹೆಚ್ಚು ಪ್ರಿಯವಾದ ಗಿಡದ ಮೇಲೆ ಮೊಟ್ಟೆಯಿಡುತ್ತವೆ. ಮುಖ್ಯ ಬೆಳೆಯ ಮೇಲಿನ ಒತ್ತಡ ಇಳಿಯುತ್ತದೆ. ಎಲೆಗೆ ಬೇವಿನ ಬೀಜದ ಕಷಾಯ ಸಿಂಪಡಿಸಿದಾಗ ಪತಂಗಗಳು ಮೊಟ್ಟೆಯಿಡಲು ಹಿಂಜರಿಯುವುದೂ, ಮರಿಹುಳುಗಳು ತಿನ್ನದೆ ಬಿಡುವುದೂ ಮೇಲ್ಮೈಯ ರುಚಿ ಬದಲಾಗುವುದರಿಂದಲೇ.

ನಿವೃತ್ತಿ ಮತ್ತು ನಿಧನ

ಕೋಲ್ಮನ್ 1934ರಲ್ಲಿ ಸೇವೆಯಿಂದ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಆಡಳಿತದ ಹೊರೆ ಇಳಿದ ಮೇಲೆ ಅವರು ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಸಸ್ಯಕೋಶ ವಿಜ್ಞಾನದಲ್ಲಿ, ಮುಖ್ಯವಾಗಿ ವರ್ಣತಂತುಗಳ ರಚನೆಯಲ್ಲಿ, ಸಂಶೋಧನೆ ನಡೆಸಿ ಲೇಖನಗಳನ್ನು ಪ್ರಕಟಿಸಿದರು. ಅವರು 1954ರಲ್ಲಿ ನಿಧನರಾದರು.

ಪರಂಪರೆ

ಕೋಲ್ಮನ್ ಕಟ್ಟಿ ಬೆಳೆಸಿದ ಸಂಸ್ಥೆಗಳು ಅವರ ಕಾಲದ ನಂತರವೂ ಬೆಳೆದವು. ಹೆಬ್ಬಾಳದ ಕೃಷಿ ಶಾಲೆ 1946ರಲ್ಲಿ ಪದವಿ ಕಾಲೇಜಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯಕ್ಕೆ ಅದೇ ನೆಲೆಯಾಯಿತು. ಬಾಳೆಹೊನ್ನೂರಿನ ಕೇಂದ್ರ ಮತ್ತು ಮಂಡ್ಯದ ವಿ.ಸಿ. ಫಾರಂ ಇಂದಿಗೂ ಬೆಳೆಗಾರರು ಸಲಹೆಗಾಗಿ ಬರುವ ಸ್ಥಳಗಳು. ಜೋಳದ ಮಿಡತೆಯ ವೈಜ್ಞಾನಿಕ ಹೆಸರಿನಲ್ಲಿ ಅವರ ಹೆಸರು ಉಳಿದಿದೆ. ಕೊಳೆರೋಗವೆಂಬ ಕನ್ನಡ ಪದವೂ ಸಸ್ಯರೋಗ ಶಾಸ್ತ್ರದ ಅಂತರರಾಷ್ಟ್ರೀಯ ಪರಿಭಾಷೆಯಲ್ಲಿ ಸ್ಥಾನ ಪಡೆದಿದೆ.

ಬೋರ್ಡೊ ದ್ರಾವಣವನ್ನು ಕಂಡುಹಿಡಿದವರು ಕೋಲ್ಮನ್ ಅಲ್ಲ. ಅಡಿಕೆ ಕಾಯಿಯ ನುಣುಪು ಮೈಯನ್ನೂ, ಮಲೆನಾಡಿನ ಮಳೆಯನ್ನೂ, ಶಿಲೀಂಧ್ರ ಒಳಹೊಗುವ ಹೊತ್ತನ್ನೂ ಗಮನಿಸಿ ಅದನ್ನು ಇಲ್ಲಿಗೆ ಒಗ್ಗಿಸಿದ್ದು ಅವರ ಸಾಧನೆ. ಕೀಟನಾಶಕಗಳ ಬಳಕೆ ಹೆಚ್ಚಿ, ಅದೇ ಮದ್ದುಗಳಿಗೆ ವಜ್ರಬೆನ್ನಿನ ಪತಂಗ ಮತ್ತು ಕಾಯಿಕೊರಕಗಳು ನಿರೋಧ ಬೆಳೆಸಿಕೊಂಡಿರುವ ಇಂದಿನ ಸ್ಥಿತಿಯಲ್ಲಿ, ಮೊದಲು ಕೀಟದ ಆಯ್ಕೆಯನ್ನು ಅರಿಯಬೇಕೆಂಬ ಈ ಕ್ರಮವೇ ಸಮಗ್ರ ಕೀಟ ನಿರ್ವಹಣೆಯ ಬುನಾದಿಯಾಗಿದೆ.